ಚೆಕ್ ಲೈಟ್ ಹೊತ್ತಿತೆಂದು ಸೆನ್ಸರ್ ಬದಲಿಸಬೇಡಿ

(ಕಲಬುರಗಿಯಲ್ಲಿ ಗ್ಯಾರೇಜ್ ಮಿಸ್ತ್ರಿಗಳು, ಆಟೋ ಎಲೆಕ್ಟ್ರಿಷಿಯನ್ನರು ಮತ್ತು ಐಟಿಐ ವಿದ್ಯಾರ್ಥಿಗಳ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಗ್ಯಾರೇಜಿಗೆ ಒಂದು ಪೆಟ್ರೋಲ್ ಕಾರು ಬರುತ್ತದೆ. ಮೀಟರಿನಲ್ಲಿ ಚೆಕ್ ಲೈಟ್ ಹೊತ್ತಿದೆ. ಮಾಲೀಕರು "ಪಿಕಪ್ ಬರವಲ್ದ್ರಿ, ಅವರೇಜೂ ಬಿದ್ದದ" ಅನ್ನುತ್ತಾರೆ. ಸ್ಕ್ಯಾನರ್ ಹಚ್ಚಿದರೆ ಪಿ0171 ಎಂಬ ಕೋಡ್. ಮೊಬೈಲಿನಲ್ಲಿ ಹುಡುಕಿದರೆ ಮೊದಲಿಗೇ ಆಕ್ಸಿಜನ್ ಸೆನ್ಸರ್ (ಹೊಗೆಯಲ್ಲಿ ಉಳಿದ ಆಮ್ಲಜನಕ ಅಳೆಯುವುದು) ಹೆಸರು ಬರುತ್ತದೆ. ಸೆನ್ಸರ್ ತರಿಸಿ ಹಾಕಿ ಕೋಡ್ ಅಳಿಸಿ ಕಳಿಸಿದರೆ ನಾಲ್ಕು ದಿನಕ್ಕೆ ಅದೇ ಲೈಟ್ ಹಚ್ಚಿಕೊಂಡು ಗಾಡಿ ವಾಪಸ್.

ಪಿ0171 ಹೇಳುವುದು ಇಷ್ಟೇ: ಉರಿಯುವ ಮಿಶ್ರಣದಲ್ಲಿ ಹವಾ ಹೆಚ್ಚಾಗಿದೆ, ಪೆಟ್ರೋಲ್ ಸಾಲುತ್ತಿಲ್ಲ, ಎಷ್ಟು ಸೇರಿಸಿದರೂ ಸರಿಹೋಗುತ್ತಿಲ್ಲ. ಈ ಸುದ್ದಿಯನ್ನು ಇಸಿಎಂಗೆ, ಅಂದರೆ ಎಂಜಿನ್ ಆಳುವ ಕಂಪ್ಯೂಟರಿಗೆ, ತಂದುಕೊಟ್ಟದ್ದೇ ಆಕ್ಸಿಜನ್ ಸೆನ್ಸರ್. ಅದನ್ನು ಬದಲಿಸುವುದೆಂದರೆ ಠಾಣೆಗೆ ದೂರು ಕೊಡಲು ಬಂದವನನ್ನೇ ಒಳಗೆ ಹಾಕಿದ ಹಾಗೆ. ಇವತ್ತು ಹೇಳಬೇಕೆಂದಿರುವುದು ಒಂದೇ ಮಾತು. ಒಂದು ಬಿಡಿಭಾಗ ಕೆಟ್ಟಿದೆ ಎನ್ನುವ ಮೊದಲು ಅದಕ್ಕೆ ಹೋಗುವ ಕರೆಂಟು, ಅದರ ಅರ್ಥಿಂಗು, ಅದು ಕೊಡುವ ಅಂಕಿ ಈ ಮೂರನ್ನೂ ಅಳೆದಿರಬೇಕು. ನಮ್ಮ ಭಾಗದ ಬಿಸಿಲು, ಸುಣ್ಣಕಲ್ಲಿನ ದೂಳು, ಬೋರ್ ನೀರು, ಹೊಲದ ಇಲಿ ಇವು ಸೆನ್ಸರಿಗಿಂತ ಹೆಚ್ಚಾಗಿ ವೈರು, ಕಪ್ಲರ್ (ವೈರು ಜೋಡಿಸುವ ಪ್ಲಗ್), ಅರ್ಥಿಂಗುಗಳನ್ನೇ ಕೆಡಿಸುತ್ತವೆ.

ಕೋಡ್ ಓದುವುದನ್ನು ಬೇಗ ಮುಗಿಸೋಣ. ಭಾರತದಲ್ಲಿ ಬಿಎಸ್-4 (ಹೊಗೆ ಮಿತಿಯ ನಿಯಮ) ಕಾರುಗಳಿಗೆ ಓಬಿಡಿ-2, ಅಂದರೆ ಗಾಡಿ ತನ್ನ ದೋಷವನ್ನು ತಾನೇ ಗುರುತಿಸಿ ಕೋಡ್ ಇಡುವ ವ್ಯವಸ್ಥೆ, ಏಪ್ರಿಲ್ 2013ರಿಂದ ಬಂತು, ಏಪ್ರಿಲ್ 2020ರಿಂದ ಬಿಎಸ್-6. ಸ್ಟೇರಿಂಗ್ ಕೆಳಗೆ ಸ್ಕ್ಯಾನರ್ ಹಚ್ಚುವ 16 ಪಿನ್ನಿನ ಸಾಕೆಟ್ ಇರುತ್ತದೆ. 16ನೇ ಪಿನ್ನಿನಲ್ಲಿ ಬ್ಯಾಟರಿ ಪ್ಲಸ್, 4 ಮತ್ತು 5ರಲ್ಲಿ ಅರ್ಥ್, 6 ಮತ್ತು 14ರಲ್ಲಿ ಕ್ಯಾನ್ ವೈರು (ಗಾಡಿಯ ಕಂಪ್ಯೂಟರುಗಳು ಒಂದಕ್ಕೊಂದು ಮಾತಾಡುವ ಜೋಡಿ ವೈರು). ಸ್ಕ್ಯಾನರ್ ಮಾತಾಡದಿದ್ದರೆ ಮೊದಲು 16ರಲ್ಲಿ 12 ವೋಲ್ಟ್ ಇದೆಯೇ ನೋಡಿ; ಎಷ್ಟೋ ಗಾಡಿಗಳಲ್ಲಿ ಸಿಗರೇಟ್ ಲೈಟರಿನ ಫ್ಯೂಸೇ ಈ ಸಾಕೆಟ್ಟಿಗೂ ಇರುತ್ತದೆ. ಆಮೇಲೆ ಬ್ಯಾಟರಿ ಕಳಚಿ 6 ಮತ್ತು 14ರ ನಡುವೆ ಅಳೆದರೆ 60 ಓಮ್ ಸುಮಾರು ಬರಬೇಕು. 120 ಬಂದರೆ ಎರಡು ತುದಿಯ ರೆಸಿಸ್ಟರುಗಳಲ್ಲಿ ಒಂದರ ಸಂಪರ್ಕ ಎಲ್ಲೋ ಕಡಿದಿದೆ. ಸೊನ್ನೆಯ ಹತ್ತಿರ ಬಂದರೆ ಎರಡು ವೈರು ಒಂದಕ್ಕೊಂದು ತಾಗಿವೆ.

ಕೋಡಿನ ಜೊತೆ ಫ್ರೀಜ್ ಫ್ರೇಮ್ ಇರುತ್ತದೆ: ತಪ್ಪು ದಾಖಲಾದ ಗಳಿಗೆಯಲ್ಲಿ ಆರ್‌ಪಿಎಂ, ವೇಗ, ಲೋಡ್, ಕೂಲಂಟ್ ತಾಪ ಎಷ್ಟಿತ್ತು ಎಂಬ ಲೆಕ್ಕ. ಅದನ್ನು ಬರೆದಿಟ್ಟುಕೊಳ್ಳದೆ ಕೋಡ್ ಅಳಿಸುವ ಅಭ್ಯಾಸ ನಮ್ಮಲ್ಲಿ ಬಹಳ. ಕೋಡ್ ಅಳಿಸಿದರೆ ಫ್ರೀಜ್ ಫ್ರೇಮೂ ಹೋಗುತ್ತದೆ. ಅದೇ ಪಿ0171 ವೇಗ 0, 780 ಆರ್‌ಪಿಎಂನಲ್ಲಿ ಬಂದಿದ್ದರೆ ಒಂದು ದಾರಿ. 80 ಕಿಲೋಮೀಟರ್ ವೇಗದಲ್ಲಿ, 75 ಶೇಕಡಾ ಲೋಡಿನಲ್ಲಿ ಬಂದಿದ್ದರೆ ಬೇರೆಯೇ ದಾರಿ. ಇನ್ನೊಂದು ಮಾತು: ಲೈಟ್ ಸುಮ್ಮನೆ ಹೊತ್ತಿದ್ದರೆ ಗಾಡಿ ಮನೆಗೆ ಹೋಗಬಹುದು. ಮಿಣುಕುತ್ತಿದ್ದರೆ ಮಿಸ್ಸಿಂಗ್ (ಸಿಲಿಂಡರಿನಲ್ಲಿ ಪೆಟ್ರೋಲ್ ಉರಿಯದೆ ಹೋಗುವುದು) ಜೋರಾಗಿದೆ, ಉರಿಯದ ಪೆಟ್ರೋಲ್ ಸೈಲೆನ್ಸರಿನ ಕ್ಯಾಟಲಿಟಿಕ್ ಕನ್ವರ್ಟರಿನಲ್ಲಿ (ಹೊಗೆ ಶುದ್ಧಿ ಮಾಡುವ ಭಾಗ) ಉರಿದು ಅದನ್ನೇ ಕರಗಿಸುತ್ತದೆ. ಅಂಥ ಗಾಡಿ ಓಡಿಸಿಕೊಂಡು ಬರಲು ಹೇಳಬೇಡಿ, ಎಳೆದು ತರಿಸಿ.

ಸಂಬಂಧವಿಲ್ಲದ ಎಂಟು-ಹತ್ತು ಕೋಡ್ ಒಟ್ಟಿಗೆ ಬಂದರೆ ಒಂದೊಂದನ್ನೂ ಹಿಡಿದು ಕೂರಬೇಡಿ. ಬ್ಯಾಟರಿ, ಅರ್ಥಿಂಗ್, ಇಲ್ಲವೇ 5 ವೋಲ್ಟ್ ಲೈನು. ರಾತ್ರಿಯಿಡೀ ನಿಂತ ಬ್ಯಾಟರಿ 12.6 ವೋಲ್ಟ್ ತೋರಿಸಬೇಕು, 12.2 ಅಂದರೆ ಅರ್ಧ ಖಾಲಿ. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಹೋಗಬಾರದು. ಚಾಲೂ ಆದ ಮೇಲೆ 13.8ರಿಂದ 14.6. ಹೊಸ ಗಾಡಿಗಳಲ್ಲಿ ಆಲ್ಟರ್ನೇಟರನ್ನೂ ಇಸಿಎಂ ಆಳುತ್ತದೆ, ಒಮ್ಮೊಮ್ಮೆ 12.8ಕ್ಕೆ ಇಳಿಸುತ್ತದೆ. ಅದನ್ನು ಕಂಡು ಆಲ್ಟರ್ನೇಟರ್ ಬಿಚ್ಚಬೇಡಿ. ಹೆಡ್‌ಲೈಟ್, ಬ್ಲೋವರ್ ಹಾಕಿ ಮತ್ತೆ ನೋಡಿ.

ಅರ್ಥಿಂಗನ್ನು ಓಮ್‌ನಲ್ಲಿ ಅಳೆಯುವುದರಿಂದ ಏನೂ ತಿಳಿಯುವುದಿಲ್ಲ. ಹತ್ತು ಎಳೆಯಲ್ಲಿ ಒಂಬತ್ತು ಕಡಿದಿದ್ದರೂ ಮೀಟರ್ ಸೊನ್ನೆಯನ್ನೇ ತೋರಿಸುತ್ತದೆ. ಮೀಟರನ್ನು ಡಿಸಿ ವೋಲ್ಟ್‌ಗೆ ಇಟ್ಟು, ಕಪ್ಪು ಕಡ್ಡಿ ಬ್ಯಾಟರಿಯ ಮೈನಸ್ ಕಂಬದ ಮೇಲೆ, ಕೆಂಪು ಕಡ್ಡಿ ಎಂಜಿನ್ ಬ್ಲಾಕಿನ ಮೇಲೆ ಒತ್ತಿ ಸೆಲ್ಫ್ ಹೊಡೆಸಿ. 0.3 ವೋಲ್ಟಿಗಿಂತ ಹೆಚ್ಚು ಬಂದರೆ ಅರ್ಥ್ ಪಟ್ಟಿ ಬಿಚ್ಚಿ, ತುಕ್ಕು ಕೆರೆದು, ಬಿಗಿ ಮಾಡಿ. ಇಸಿಎಂನ ಅರ್ಥ್ ಪಿನ್ನಿನಲ್ಲಿ, ಎಂಜಿನ್ ಓಡುತ್ತಿರುವಾಗ, 0.1 ದಾಟಬಾರದು. ಸೆನ್ಸರುಗಳು 5 ವೋಲ್ಟಿನೊಳಗೆ ಮಾತಾಡುತ್ತವೆ. ಅಲ್ಲಿ ಅರ್ಧ ವೋಲ್ಟಿನ ಅರ್ಥಿಂಗ್ ದೋಷ ಅಂದರೆ ಲೆಕ್ಕವೇ ಹತ್ತು ಶೇಕಡಾ ತಪ್ಪು.

ಪ್ಲಸ್ ಲೈನಿಗೂ ಇದೇ ನ್ಯಾಯ. ಪೆಟ್ರೋಲ್ ಪಂಪಿನ ಕಪ್ಲರ್ ಬಿಚ್ಚಿ ಮೀಟರ್ ಹಿಡಿದರೆ 12 ವೋಲ್ಟ್ ಕಾಣುತ್ತದೆ, ಪಂಪ್ ಹಚ್ಚಿದರೆ ತಿರುಗುವುದಿಲ್ಲ. ಪಂಪ್ ಕೆಟ್ಟಿದೆ ಎಂದು ತೀರ್ಮಾನಿಸುವ ಮೊದಲು ಆ ಎರಡು ಪಿನ್ನಿಗೆ 21 ವ್ಯಾಟಿನ ಬ್ರೇಕ್ ಲೈಟ್ ಬಲ್ಬ್ ಹಚ್ಚಿ. ಅದು ಸುಮಾರು 1.75 ಆಂಪಿಯರ್ ಎಳೆಯುತ್ತದೆ. ಬಲ್ಬ್ ಪೂರ್ತಿ ಉರಿದರೆ ಲೈನು ಸರಿ, ಮಂದವಾದರೆ ರಿಲೇ ಕಾಲು ಸುಟ್ಟಿದೆ ಅಥವಾ ವೈರು ಒಳಗೇ ಕಡಿದಿದೆ. ಆದರೆ ಇದೇ ಬಲ್ಬನ್ನು ಇಸಿಎಂನ ಸಿಗ್ನಲ್ ವೈರಿಗೆ, 5 ವೋಲ್ಟ್ ಲೈನಿಗೆ ಎಂದೂ ಹಚ್ಚಬೇಡಿ. ಒಳಗಿನ ಸರ್ಕ್ಯೂಟ್ ಅಷ್ಟು ಕರೆಂಟು ತಡೆಯುವುದಿಲ್ಲ. ಅಲ್ಲಿಗೆ ಡಿಜಿಟಲ್ ಮೀಟರ್ ಮಾತ್ರ. ವೈರಿನ ಸಿಪ್ಪೆಗೆ ಸೂಜಿ ಚುಚ್ಚುವುದೂ ಬೇಡ. ಕಪ್ಲರಿನ ಹಿಂಬದಿಯಿಂದ ತೆಳು ಪಿನ್ ಇಳಿಸಿ. ಚುಚ್ಚಿದ ತೂತಿನಿಂದ ಮಳೆಗಾಲದಲ್ಲಿ ನೀರು ಇಳಿದು, ವರ್ಷದೊಳಗೆ ತಾಮ್ರ ಹಸಿರು ಪುಡಿಯಾಗಿರುತ್ತದೆ.

ಮೂರು ವೈರಿನ ಸೆನ್ಸರಿನಲ್ಲಿ ಸಾಮಾನ್ಯವಾಗಿ ಒಂದು 5 ವೋಲ್ಟ್, ಒಂದು ಅರ್ಥ್, ಒಂದು ಸಿಗ್ನಲ್. ಚಾವಿ ಆನ್ ಮಾಡಿದಾಗ 5 ವೋಲ್ಟ್ ಬರದಿದ್ದರೆ ಇಸಿಎಂ ಹೋಯಿತು ಎಂದು ಹೆದರಬೇಡಿ. ಒಂದೇ 5 ವೋಲ್ಟ್ ಲೈನಿಗೆ ನಾಲ್ಕೈದು ಸೆನ್ಸರು ಕೂತಿರುತ್ತವೆ. ಒಂದು ಒಳಗೆ ಶಾರ್ಟ್ ಆದರೆ ಎಲ್ಲವೂ ಬೀಳುತ್ತವೆ. ಮೀಟರ್ ಹಚ್ಚಿಟ್ಟುಕೊಂಡೇ ಒಂದೊಂದಾಗಿ ಕಪ್ಲರ್ ಕಳಚುತ್ತಾ ಹೋಗಿ. ಯಾವುದನ್ನು ಕಳಚಿದಾಗ 5 ವೋಲ್ಟ್ ಮರಳಿತೋ ಅದೇ. ಏಸಿಯ ಗ್ಯಾಸ್ ಪ್ರೆಶರ್ ಸೆನ್ಸರು ಹಲವು ಗಾಡಿಗಳಲ್ಲಿ ಇದೇ ಲೈನಿನಲ್ಲಿರುತ್ತದೆ, ಯಾರ ನೆನಪಿಗೂ ಬರುವುದಿಲ್ಲ. ಮುಂದಿನ ಬಂಪರಿಗೆ ಪೆಟ್ಟು ಬಿದ್ದ ಗಾಡಿ ಚಾಲೂ ಆಗದಿದ್ದರೆ ಮೊದಲು ಅಲ್ಲಿಗೆ ಕೈ ಹಾಕಿ.

ಇನ್ನು ಅಂಕಿಗಳನ್ನು ಓದುವುದು. ಸೆನ್ಸರ್ ಸುಳ್ಳು ಹೇಳುತ್ತಿದೆಯೇ ಎಂದು ತಿಳಿಯಲು ನಿಜ ನಮಗೆ ಮೊದಲೇ ಗೊತ್ತಿರಬೇಕು. ಚಾವಿ ಆನ್, ಎಂಜಿನ್ ಬಂದ್ ಇದ್ದಾಗ ಮ್ಯಾಪ್ ಸೆನ್ಸರ್ (ಎಂಜಿನ್ನಿಗೆ ಹವಾ ಒಯ್ಯುವ ಮ್ಯಾನಿಫೋಲ್ಡಿನ ಒತ್ತಡ ಅಳೆಯುವುದು) ತೋರಿಸುವುದು ಊರಿನ ಹವಾದ ಒತ್ತಡ. ಪುಸ್ತಕದಲ್ಲಿ 101 ಕಿಲೋಪಾಸ್ಕಲ್ ಎಂದಿರುತ್ತದೆ, ಅದು ಸಮುದ್ರ ಮಟ್ಟದ್ದು. ಕಲಬುರಗಿ ಸುಮಾರು 450 ಮೀಟರ್ ಎತ್ತರದಲ್ಲಿದೆ; ಇಲ್ಲಿ 95-96 ಬಂದರೆ ಸರಿ. ಬೀದರ್ ಇನ್ನೂ ಎತ್ತರ, ಅಲ್ಲಿ 93-94. ಯಾದಗಿರಿ ತಗ್ಗಿನಲ್ಲಿದೆ, 96-97. ಕಲಬುರಗಿಯಲ್ಲಿ ನಿಂತು 101 ತೋರಿಸುವ ಮ್ಯಾಪ್ ಸೆನ್ಸರ್ ಮೇಲೆ ಸಂಶಯಪಡಿ. ಚಾಲೂ ಮಾಡಿ, ಬಿಸಿಯಾದ ಮೇಲೆ, ಏಸಿ ಬಂದ್ ಇಟ್ಟು ಸ್ಲೋದಲ್ಲಿ (ಎಕ್ಸಲೇಟರ್ ಒತ್ತದೆ ಎಂಜಿನ್ ಓಡುವಾಗ) 30ರಿಂದ 40 ಬರಬೇಕು.

ತಾಪದ ಸೆನ್ಸರುಗಳಿಗೆ ಇದಕ್ಕಿಂತ ಸುಲಭದ ಪರೀಕ್ಷೆ ಇದೆ. ರಾತ್ರಿ ನಿಂತ ಗಾಡಿಗೆ ಬೆಳಿಗ್ಗೆ ಚಾವಿ ಆನ್ ಮಾಡಿ: ಕೂಲಂಟ್ ತಾಪ, ಒಳಹೋಗುವ ಹವಾದ ತಾಪ, ಹೊರಗಿನ ತಾಪ ಮೂರೂ ನಾಲ್ಕೈದು ಡಿಗ್ರಿಯೊಳಗೆ ಒಂದೇ ಇರಬೇಕು. ಮೈನಸ್ 40 ಎಂದು ಬಂದರೆ ವೈರು ಕಡಿದಿದೆ ಅಥವಾ ಕಪ್ಲರ್ ಕಳಚಿದೆ. ಕಪ್ಲರ್ ಕಳಚಿ ಎರಡು ಪಿನ್ನನ್ನು ವೈರಿನ ತುಂಡಿನಿಂದ ಸೇರಿಸಿದಾಗ ಅಂಕಿ 130ರ ಮೇಲೆ ಹಾರಿದರೆ ವೈರು, ಇಸಿಎಂ ಎರಡೂ ಸರಿ, ತಪ್ಪು ಸೆನ್ಸರಿನದೇ. ಹೆಚ್ಚಿನ ಕೂಲಂಟ್ ಸೆನ್ಸರುಗಳು 25 ಡಿಗ್ರಿಗೆ 2ರಿಂದ 2.5 ಕಿಲೋ ಓಮ್, 90 ಡಿಗ್ರಿಗೆ 200-250 ಓಮ್ ಆಸುಪಾಸು ಇರುತ್ತವೆ.

ಇಲ್ಲಿ ಥರ್ಮೋಸ್ಟಾಟ್ (ಕೂಲಂಟ್ ಬಿಸಿಯಾಗುವವರೆಗೆ ರೇಡಿಯೇಟರಿನ ದಾರಿ ಮುಚ್ಚಿಡುವುದು) ವಿಷಯಕ್ಕೆ ಸ್ವಲ್ಪ ನಿಲ್ಲಬೇಕು. "ನಮ್ಮದು ಬಿಸಿಲು ನಾಡು, ಥರ್ಮೋಸ್ಟಾಟ್ ಯಾಕ ಬೇಕ್ರಿ" ಎಂದು ಅದನ್ನು ತೆಗೆದು ಎಸೆಯುವ ರೂಢಿ ನಮ್ಮಲ್ಲಿ ಹಳೆಯದು. ಕಾರ್ಬುರೇಟರ್ ಕಾಲದಲ್ಲಿ ಅದು ನಡೆದುಹೋಗುತ್ತಿತ್ತು. ಈಗ ನಡೆಯುವುದಿಲ್ಲ. ಥರ್ಮೋಸ್ಟಾಟ್ ಇಲ್ಲದ ಎಂಜಿನ್ ರಸ್ತೆಯ ಮೇಲೆ 60-65 ಡಿಗ್ರಿಯಲ್ಲೇ ಓಡುತ್ತದೆ. ಎಂಜಿನ್ ಇನ್ನೂ ತಣ್ಣಗಿದೆ ಎಂದು ತಿಳಿದ ಇಸಿಎಂ ಪೆಟ್ರೋಲ್ ಹೆಚ್ಚು ಬಿಡುತ್ತದೆ, ಸ್ಲೋ ಏರಿಸಿಡುತ್ತದೆ. ಅವರೇಜ್ ಬೀಳುತ್ತದೆ, ಆಯಿಲ್‌ನಲ್ಲಿ ಪೆಟ್ರೋಲ್ ಬೆರೆಯುತ್ತದೆ, ಎಂಜಿನ್ ಬೇಕಾದಷ್ಟು ಬಿಸಿಯಾಗುತ್ತಿಲ್ಲ ಎನ್ನುವ ಪಿ0128 ಎಂಬ ಕೋಡ್ ಬರುತ್ತದೆ. ಆಗ ಮತ್ತೆ ಕೂಲಂಟ್ ಸೆನ್ಸರ್ ಬದಲಿಸುತ್ತಾರೆ! ಸೆನ್ಸರ್ ನಿಜವನ್ನೇ ಹೇಳುತ್ತಿತ್ತು. ಮೇ ತಿಂಗಳ 43 ಡಿಗ್ರಿಯಲ್ಲೂ 90 ಡಿಗ್ರಿಯ ಕೂಲಂಟನ್ನು ಆರಿಸಲು ರೇಡಿಯೇಟರಿಗೆ ಸಾಕಷ್ಟು ಅಂತರ ಇದೆ, ಕ್ಯಾಪ್ ಒತ್ತಡ ಹಿಡಿದರೆ ಕೂಲಂಟ್ 120 ಡಿಗ್ರಿವರೆಗೂ ಕುದಿಯುವುದಿಲ್ಲ. ಗಾಡಿ ಹೀಟ್ ಆಗುತ್ತಿದ್ದರೆ ನೋಡಬೇಕಾದ್ದು ಫ್ಯಾನ್ ರಿಲೇ, ರೇಡಿಯೇಟರ್ ಕ್ಯಾಪ್, ಮತ್ತು ಶಹಾಬಾದ್, ವಾಡಿ, ಸೇಡಂ ಕಡೆ ಓಡುವ ಗಾಡಿಯಾದರೆ ರೇಡಿಯೇಟರ್ ಜಾಲರಿಯಲ್ಲಿ ಸಿಮೆಂಟಿನಂತೆ ಗಟ್ಟಿಯಾದ ದೂಳು. ಬೋರ್ ನೀರು ಸುರಿಯುತ್ತಾ ಬಂದ ಗಾಡಿಯಲ್ಲಿ ಕೂಲಂಟ್ ಸೆನ್ಸರಿನ ತುದಿಗೆ ಸುಣ್ಣದ ಪದರ ಕೂತಿರುತ್ತದೆ. ಆಗ ಅಂಕಿ ಬರುತ್ತದೆ, ಆದರೆ ತಡವಾಗಿ. ಕೂಲಂಟನ್ನು ಡಿಸ್ಟಿಲ್ಡ್ ನೀರಿನಲ್ಲಿ ಅರ್ಧಕ್ಕರ್ಧ ಬೆರೆಸಿ ಹಾಕಿ. ಥರ್ಮೋಸ್ಟಾಟ್ ಪರೀಕ್ಷೆಗೆ ಪಾತ್ರೆಯಲ್ಲಿ ನೀರು ಕಾಯಿಸಿ ಥರ್ಮಾಮೀಟರ್ ಇಟ್ಟು ನೋಡಿದರೆ ಸಾಕು: 82-88ರ ನಡುವೆ, ಅದರ ಮೇಲೆ ಮುದ್ರಿಸಿದ ತಾಪದ ಹತ್ತಿರ, ತೆರೆಯಲು ಶುರುವಾಗಬೇಕು.

ಈಗ ಮತ್ತೆ ಪಿ0171. ಇಲ್ಲಿ ಲೈವ್ ಡೇಟಾದಲ್ಲಿ ನೋಡಬೇಕಾದ್ದು ಫ್ಯುಯೆಲ್ ಟ್ರಿಮ್. ಇಸಿಎಂ ತನ್ನ ಲೆಕ್ಕಕ್ಕಿಂತ ಎಷ್ಟು ಶೇಕಡಾ ಹೆಚ್ಚು ಅಥವಾ ಕಡಿಮೆ ಪೆಟ್ರೋಲ್ ಬಿಡಬೇಕಾಯಿತು ಎಂಬುದು ಅದು. ಶಾರ್ಟ್ ಟರ್ಮ್, ಲಾಂಗ್ ಟರ್ಮ್ ಎರಡನ್ನೂ ಕೂಡಿಸಿ ಓದಿ. 5ರವರೆಗೆ ಪ್ಲಸ್ ಅಥವಾ ಮೈನಸ್ ಇದ್ದರೆ ಚಿಂತೆಯಿಲ್ಲ, 10 ದಾಟಿದರೆ ಹುಡುಕಬೇಕು, 25ರ ಸುಮಾರಿಗೆ ಲೈಟ್ ಬರುತ್ತದೆ. ವೀಡಿಯೋಗಳಲ್ಲಿ ಹೇಳುವ ಸೂತ್ರ ನಿಮಗೆ ಗೊತ್ತಿದೆ: ಸ್ಲೋದಲ್ಲಿ ಟ್ರಿಮ್ ಹೆಚ್ಚು, 2500 ಆರ್‌ಪಿಎಂಗೆ ರೇಸ್ ಕೊಟ್ಟರೆ ಇಳಿಯುತ್ತದೆ, ಅಂದರೆ ಮ್ಯಾನಿಫೋಲ್ಡಿನಲ್ಲಿ ಹವಾ ಲೀಕ್. ಈ ಸೂತ್ರ ಮಾಸ್ ಏರ್‌ಫ್ಲೋ ಮೀಟರ್ (ಒಳಹೋಗುವ ಹವಾವನ್ನು ನೇರವಾಗಿ ಅಳೆಯುವುದು) ಇರುವ ಗಾಡಿಯದು. ನಮ್ಮ ಸಣ್ಣ ಪೆಟ್ರೋಲ್ ಕಾರುಗಳಲ್ಲಿ ಬಹುಪಾಲಿಗೆ ಇರುವುದು ಮ್ಯಾಪ್ ಸೆನ್ಸರ್ ಮಾತ್ರ. ಅಲ್ಲಿ ಕಳ್ಳದಾರಿಯಿಂದ ಬಂದ ಹವಾವೂ ಮ್ಯಾನಿಫೋಲ್ಡ್ ಒತ್ತಡ ಏರಿಸುತ್ತದೆ, ಇಸಿಎಂ ಅದನ್ನೂ ಲೆಕ್ಕಕ್ಕೆ ಹಿಡಿದು ಪೆಟ್ರೋಲ್ ಬಿಡುತ್ತದೆ. ಟ್ರಿಮ್ ಅಷ್ಟೇನೂ ಕದಲುವುದಿಲ್ಲ. ಸ್ಲೋ ಏರುತ್ತದೆ, ಅಥವಾ ಥ್ರಾಟಲ್ (ಹವಾ ಒಳಬಿಡುವ ತಟ್ಟೆ) ಮಾಮೂಲಿಗಿಂತ ಹೆಚ್ಚು ಮುಚ್ಚಿಕೊಂಡಿರುತ್ತದೆ. ಆದ್ದರಿಂದ ಮ್ಯಾಪ್ ಗಾಡಿಯಲ್ಲಿ ಟ್ರಿಮ್ ಪ್ಲಸ್ 25 ಇದ್ದರೆ ಹವಾ ಪೈಪುಗಳ ಸುತ್ತ ದಿನ ಕಳೆಯುವ ಮೊದಲು ಪೆಟ್ರೋಲ್ ಒತ್ತಡ ನೋಡಿ. ಸಾಮಾನ್ಯ ಪೋರ್ಟ್ ಇಂಜೆಕ್ಷನ್ನಿನಲ್ಲಿ 3ರಿಂದ 4 ಬಾರ್ ಇರಬೇಕು; ನಿಖರ ಅಂಕಿ ಆ ಗಾಡಿಯ ಮ್ಯಾನುಯಲ್‌ನಲ್ಲಿ. ಗೇಜ್ ಇಲ್ಲದಿದ್ದರೆ ಖಾಲಿ ರಸ್ತೆಯಲ್ಲಿ ಮೂರನೇ ಗೇರಿನಲ್ಲಿ ಪೂರ್ತಿ ಎಕ್ಸಲೇಟರ್ ಒತ್ತಿ, ಪಕ್ಕದಲ್ಲಿ ಕೂತವರು ಮುಂದಿನ ಆಕ್ಸಿಜನ್ ಸೆನ್ಸರ್ ನೋಡಲಿ. 0.8-0.9 ವೋಲ್ಟ್ ನಿಲ್ಲಬೇಕು. 0.2ಕ್ಕೆ ಬಿದ್ದರೆ ಪೆಟ್ರೋಲ್ ಸಾಲುತ್ತಿಲ್ಲ: ಫಿಲ್ಟರ್, ಪಂಪ್, ಅಥವಾ ಕಟ್ಟಿಕೊಂಡ ಇಂಜೆಕ್ಟರ್. (ಬಿಎಸ್-6ರ ಹಲವು ಗಾಡಿಗಳಲ್ಲಿ ಮುಂದಿನದು ವೈಡ್‌ಬ್ಯಾಂಡ್ ಸೆನ್ಸರ್, ಅಲ್ಲಿ ವೋಲ್ಟ್ ಬಿಟ್ಟು ಹವಾ-ಇಂಧನದ ಪ್ರಮಾಣ ಹೇಳುವ ಲ್ಯಾಂಬ್ಡಾ ಅಂಕಿ ಓದಿ, 1ಕ್ಕಿಂತ ಕೆಳಗೆ ಬರಬೇಕು.)

ಕೋಡ್ ಲೀನ್ (ಪೆಟ್ರೋಲ್ ಕಡಿಮೆ) ಅನ್ನುತ್ತದೆ, ಆದರೆ ಪ್ಲಗ್ ಬಿಚ್ಚಿದರೆ ಕರ್ರಗೆ ಮಸಿ. ಇದು ಬಹಳ ಜನರನ್ನು ಸುತ್ತಾಡಿಸುವ ಗಂಟು. ಆಕ್ಸಿಜನ್ ಸೆನ್ಸರಿಗಿಂತ ಮೊದಲು ಎಕ್ಸಾಸ್ಟಿನಲ್ಲಿ ಬಿರುಕು ಅಥವಾ ಗ್ಯಾಸ್ಕೆಟ್ ಲೀಕ್ ಇದ್ದರೆ ಹೊಗೆಯ ಮಿಡಿತಗಳ ನಡುವೆ ಹೊರಗಿನ ಹವಾ ಒಳಸೇರುತ್ತದೆ. ಸೆನ್ಸರಿಗೆ ಆಮ್ಲಜನಕ ಕಾಣುತ್ತದೆ, ಇಸಿಎಂ ಬೇಡದ ಪೆಟ್ರೋಲ್ ಸುರಿಯುತ್ತದೆ. ಒಂದು ಸಿಲಿಂಡರ್ ಮಿಸ್ಸಿಂಗ್ ಇದ್ದರೂ ಹಾಗೆಯೇ, ಉರಿಯದ ಹವಾ ನೇರ ಸೆನ್ಸರಿಗೆ ಹೋಗುತ್ತದೆ. ಹಾಗಾಗಿ ಪಿ0301 ಎಂಬ ಮಿಸ್ಸಿಂಗ್ ಕೋಡ್ ಮತ್ತು ಪಿ0171 ಜೊತೆಗಿದ್ದರೆ ಮೊದಲು ಮಿಸ್ಸಿಂಗ್ ಸರಿಪಡಿಸಿ.

ಈಗಿನ ಪೆಟ್ರೋಲ್ 20 ಶೇಕಡಾ ಎಥನಾಲ್ ಬೆರೆತದ್ದು. ಎಥನಾಲ್ ಉರಿಯಲು ಕಡಿಮೆ ಹವಾ ಸಾಕು, ಅಂದರೆ ಅಷ್ಟೇ ಹವಾಕ್ಕೆ ಹೆಚ್ಚು ಇಂಧನ ಬೇಕು. 10 ಶೇಕಡಾಕ್ಕೆ ಹೊಂದಿಸಿದ ಗಾಡಿಯಲ್ಲಿ ಟ್ರಿಮ್ ನಾಲ್ಕರಷ್ಟು ಮೇಲೇರುವುದು ಇದರಿಂದಲೇ. ಮೊದಲೇ ಇಂಜೆಕ್ಟರ್ ಕಟ್ಟಿಕೊಂಡು 20ರಲ್ಲಿದ್ದ ಗಾಡಿಗೆ ಲೈಟ್ ಹೊತ್ತಲು ಅಷ್ಟೇ ಸಾಕು. ಬಂಕಿನವರನ್ನು ಬೈಯುವುದಕ್ಕಿಂತ ಇಂಜೆಕ್ಟರ್ ತೊಳೆಯಿರಿ.

ಮಿಸ್ಸಿಂಗಿಗೆ ದುಬಾರಿ ಉಪಕರಣ ಬೇಡ. ಪಿ0301 ಅಂದರೆ ಒಂದನೇ ಸಿಲಿಂಡರ್. ಅದರ ಕಾಯಿಲ್ (ಪ್ಲಗ್ಗಿಗೆ ಕಿಡಿಯ ಕರೆಂಟು ಕೊಡುವುದು) ತೆಗೆದು ಮೂರನೆಯದಕ್ಕೆ, ಮೂರನೆಯದನ್ನು ಒಂದಕ್ಕೆ ಹಾಕಿ ಓಡಿಸಿ. ಕೋಡ್ ಪಿ0303 ಆದರೆ ಕಾಯಿಲ್. ಆಗದಿದ್ದರೆ ಪ್ಲಗ್, ಆಮೇಲೆ ಇಂಜೆಕ್ಟರ್, ಕೊನೆಗೆ ಕಂಪ್ರೆಶನ್. ಎರೆಮಣ್ಣಿನ ಕೆಸರು ತೊಳೆಯಲು ಪ್ರೆಶರ್ ವಾಷರ್ ಹಿಡಿದ ಮಾರನೇ ದಿನ ಬಂದ ಮಿಸ್ಸಿಂಗಾದರೆ ಪ್ಲಗ್ ಗುಂಡಿಯಲ್ಲಿ ನೀರು ನಿಂತಿದೆಯೇ ನೋಡಿ. ಹವಾ ಹೊಡೆದು ಆರಿಸಿದರೆ ಎಷ್ಟೋ ಸಲ ಕೆಲಸ ಮುಗಿಯುತ್ತದೆ.

ತೊಗರಿ ರಾಶಿ ಮುಗಿಯುವ ಹೊತ್ತಿಗೆ ಇಲಿಗಳು ಬೆಚ್ಚಗಿನ ಎಂಜಿನ್ ಹುಡುಕಿ ಬರುತ್ತವೆ. ಬ್ಯಾಟರಿ ತಟ್ಟೆಯ ಕೆಳಗೆ, ಗೇರ್‌ಬಾಕ್ಸ್ ಮೇಲೆ, ಇಂಜೆಕ್ಟರ್ ವೈರಿನ ಗುಂಟ ಟಾರ್ಚ್ ಹಿಡಿದು ನೋಡಿ. ಕಡಿದ ವೈರನ್ನು ಹೊಸೆದು ಕಪ್ಪು ಟೇಪ್ ಸುತ್ತಿದರೆ ಒಂದು ಮಳೆಗಾಲವೂ ಬಾಳುವುದಿಲ್ಲ. ಬೆಸುಗೆ ಹಾಕಿ, ಅಂಟಿರುವ ಹೀಟ್ ಶ್ರಿಂಕ್ ಕೊಳವೆ ಏರಿಸಿ. ಕ್ಯಾನ್ ವೈರಾದರೆ ಎರಡನ್ನೂ ಮೊದಲಿನ ಹಾಗೇ ಹೆಣೆದಿಡಿ. ಆಕ್ಸಿಜನ್ ಸೆನ್ಸರಿನ ಸ್ವಂತ ವೈರಿಗೆ ಮಾತ್ರ ಬೆಸುಗೆ ಬೇಡ: ಹಲವು ಸೆನ್ಸರುಗಳು ಹೋಲಿಕೆಗೆ ಬೇಕಾದ ಹೊರಗಿನ ಹವಾವನ್ನು ವೈರಿನ ಎಳೆಗಳ ನಡುವಿಂದಲೇ ಪಡೆಯುತ್ತವೆ, ಬೆಸುಗೆ ಆ ದಾರಿ ಮುಚ್ಚುತ್ತದೆ. ಅಲ್ಲಿ ಕ್ರಿಂಪ್ ಮಾಡಿ.

ಬೇಸಿಗೆಯ ದೂರು ಇನ್ನೊಂದಿದೆ. ಓಡುತ್ತಾ ಓಡುತ್ತಾ ಬಂದ್ ಆಗುತ್ತದೆ, "ಚಾಲೂ ಆಗವಲ್ದು", ಅರ್ಧ ತಾಸು ನೆರಳಲ್ಲಿ ನಿಂತರೆ ಏನೂ ಆಗದಂತೆ ಚಾಲೂ. ಎಂಜಿನ್ ತಿರುಗುವುದನ್ನು ಇಸಿಎಂಗೆ ಹೇಳುವ ಕ್ರ್ಯಾಂಕ್ ಸೆನ್ಸರಿನ ಮೇಲೆ ಸಂಶಯ ಸರಿ, ಆದರೆ ಪೆಟ್ರೋಲ್ ಪಂಪೂ ಹೀಗೇ ಮಾಡುತ್ತದೆ. ಬಂದ್ ಆದ ಜಾಗದಲ್ಲೇ ಸ್ಕ್ಯಾನರ್ ಹಚ್ಚಿ ಸೆಲ್ಫ್ ಹೊಡೆಯಿರಿ. ಆರ್‌ಪಿಎಂ 150ರಿಂದ 250 ತೋರಿಸಿದರೆ ಕ್ರ್ಯಾಂಕ್ ಸಿಗ್ನಲ್ ಬರುತ್ತಿದೆ, ಪಂಪ್ ಕಡೆ ಹೋಗಿ. ಸೊನ್ನೆಯಲ್ಲೇ ನಿಂತರೆ ಸೆನ್ಸರಿಗೆ ಒದ್ದೆ ಬಟ್ಟೆ ಇಟ್ಟು ತಣ್ಣಗೆ ಮಾಡಿ ಮತ್ತೆ ಹೊಡೆಯಿರಿ. ಅಂಕಿ ಮರಳಿದರೆ ಗುರುತು ಸಿಕ್ಕಿತು.

ಡೀಸೆಲ್ ಕಾಮನ್ ರೇಲ್‌ಗೆ (ಭಾರಿ ಒತ್ತಡದ ಡೀಸೆಲನ್ನು ಒಂದೇ ರೇಲ್ ಪೈಪಿನಿಂದ ಎಲ್ಲ ಇಂಜೆಕ್ಟರಿಗೂ ಕೊಡುವ ಪದ್ಧತಿ) ಬರೋಣ. ಮೊದಲು ಎಚ್ಚರಿಕೆ: ಹಳೇ ಡೀಸೆಲ್‌ನಂತೆ ಎಂಜಿನ್ ಓಡುವಾಗ ನೋಝಲ್ ಪೈಪ್ ಸಡಿಲಿಸಬೇಡಿ. 1600 ಬಾರಿನ ಧಾರೆ ಚರ್ಮ ತೂರಿ ಒಳಗೆ ಹೋಗುತ್ತದೆ, ಕೈಯನ್ನೇ ಕಳೆದುಕೊಳ್ಳಬೇಕಾಗಬಹುದು. ಬಂದ್ ಮಾಡಿ ಕನಿಷ್ಠ 5 ನಿಮಿಷ ಬಿಟ್ಟು ಪಾನಾ ಹಿಡಿಯಿರಿ. ಚಾಲೂ ಆಗದ ಗಾಡಿಯಲ್ಲಿ ಸೆಲ್ಫ್ ಹೊಡೆಯುವಾಗ ರೇಲ್ ಒತ್ತಡ ನೋಡಿ. ಸಾಮಾನ್ಯವಾಗಿ 200 ಬಾರ್ ಹತ್ತಿರ ಬರದೆ ಇಸಿಎಂ ಇಂಜೆಕ್ಟರ್ ತೆರೆಯುವುದಿಲ್ಲ. ಒತ್ತಡ ಏರದಿದ್ದರೆ ಪಂಪಿಗೆ ಕೈ ಹಾಕುವ ಮೊದಲು ಫಿಲ್ಟರಿನ ನೀರು ಬಸಿಯಿರಿ, ಪಂಪಿಗೆ ಬರುವ ಪೈಪಿನ ಜಾಗದಲ್ಲಿ ಪಾರದರ್ಶಕ ಪೈಪ್ ಹಾಕಿ ಗುಳ್ಳೆ ಬರುತ್ತಿವೆಯೇ ನೋಡಿ. ಆಮೇಲೆ ರಿಟರ್ನ್ ಪರೀಕ್ಷೆ: ನಾಲ್ಕೂ ಇಂಜೆಕ್ಟರಿನ ರಿಟರ್ನ್ ಪೈಪ್ ನಾಲ್ಕು ಸೀಸೆಗೆ ಇಳಿಸಿ, ಚಾಲೂ ಆಗುವ ಗಾಡಿಯಾದರೆ ಎರಡು ನಿಮಿಷ ಸ್ಲೋದಲ್ಲಿ ಓಡಿಸಿ. ಒಂದರಲ್ಲಿ ಉಳಿದವಕ್ಕಿಂತ ಎರಡು ಪಟ್ಟು ಡೀಸೆಲ್ ಕೂಡಿದ್ದರೆ ಒತ್ತಡ ಸೋರುತ್ತಿರುವುದು ಅಲ್ಲಿ. ಹೊಸ ಇಂಜೆಕ್ಟರಿನ ಮೈಮೇಲಿನ ಕೋಡನ್ನು ಇಸಿಎಂಗೆ ಬರೆಯಬೇಕಾದ ಗಾಡಿಗಳಲ್ಲಿ ಅದನ್ನು ಬಿಟ್ಟರೆ ಹೊಗೆ, ಬಡಿತ ಎರಡೂ ಉಳಿಯುತ್ತವೆ.

ಡಿಪಿಎಫ್, ಅಂದರೆ ಡೀಸೆಲ್ ಹೊಗೆಯ ಮಸಿ ಹಿಡಿಯುವ ಫಿಲ್ಟರ್, ಬಗ್ಗೆ ಎರಡು ಮಾತು ಸಾಕು. ಊರೊಳಗೆ ಮೂರು ಕಿಲೋಮೀಟರ್ ಓಡಿ ನಿಲ್ಲುವ ಗಾಡಿಯಲ್ಲಿ ಮಸಿ ಸುಡುವಷ್ಟು, ಸುಮಾರು 600 ಡಿಗ್ರಿ, ಬಿಸಿ ಏರುವುದೇ ಇಲ್ಲ. ಲೈಟ್ ಬಂದ ಕೂಡಲೇ ಜೇವರ್ಗಿ ಅಥವಾ ಹುಮನಾಬಾದ್ ರಸ್ತೆಯಲ್ಲಿ 60-80ರ ವೇಗದಲ್ಲಿ 20 ನಿಮಿಷ ಓಡಿಸಲು ಹೇಳಿ. ಥರ್ಮೋಸ್ಟಾಟ್ ತೆಗೆದ ಡೀಸೆಲ್ ಗಾಡಿಯಲ್ಲಿ ಇದೂ ಫಲ ಕೊಡದಿರಬಹುದು. ಕೂಲಂಟ್ ಸಾಕಷ್ಟು ಬಿಸಿಯಾಗದೆ ಇಸಿಎಂ ಸುಡುವುದನ್ನು ಶುರುವೇ ಮಾಡುವುದಿಲ್ಲ.

ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಕೆಲವು:

ಇಸಿಎಂ ಕೆಟ್ಟಿದೆ ಎಂದು ಯಾವಾಗ ಹೇಳಬಹುದ್ರಿ?

ಎಲ್ಲ ಪ್ಲಸ್ ಪಿನ್ನಿಗೂ ಬಲ್ಬ್ ಹಚ್ಚಿ ನೋಡಿದ್ದೀರಿ, ಎಲ್ಲ ಅರ್ಥ್ ಪಿನ್ನೂ 0.1ರೊಳಗಿದೆ, 5 ವೋಲ್ಟ್ ಲೈನಿನ ಎಲ್ಲ ಸೆನ್ಸರ್ ಕಳಚಿ, ವೈರೂ ಪರೀಕ್ಷಿಸಿ ಆಗಿದೆ, ಆದರೂ 5 ವೋಲ್ಟ್ ಇಲ್ಲ: ಆಗ ಹೇಳಿ. ಬೇರೆ ಗಾಡಿಯ ಹಳೇ ಇಸಿಎಂ ತಂದು ಹಾಕುವ ಮೊದಲು ಇಮ್ಮೊಬಿಲೈಜರ್ (ಕಳ್ಳತನ ತಡೆಯುವ ಚಾವಿ ಗುರುತು) ಹೊಂದಿಸುವ ಸಲಕರಣೆ ಇದೆಯೇ ವಿಚಾರಿಸಿ, ಇಲ್ಲದಿದ್ದರೆ ಚಾಲೂ ಆಗುವುದಿಲ್ಲ.

ಥ್ರಾಟಲ್ ಬಾಡಿ ತೊಳೆದ ಮೇಲೆ ಸ್ಲೋ ಏರುತ್ತದೆ, ಯಾಕೆ?

ಮಸಿ ಕೂತಷ್ಟೂ ಇಸಿಎಂ ಥ್ರಾಟಲನ್ನು ಸ್ವಲ್ಪ ಸ್ವಲ್ಪ ಹೆಚ್ಚು ತೆರೆದಿಡುವುದು ಕಲಿತಿರುತ್ತದೆ. ಮಸಿ ಹೋದರೂ ಆ ಕಲಿಕೆ ಉಳಿದಿರುತ್ತದೆ. ಸ್ಕ್ಯಾನರಿನಲ್ಲಿ ಥ್ರಾಟಲ್ ಲರ್ನಿಂಗ್ ಮಾಡಿ. ತೊಳೆಯುವಾಗ ಚಾವಿ ಆನ್ ಇಟ್ಟು ಬೆರಳಿನಿಂದ ತಟ್ಟೆ ಒತ್ತಬೇಡಿ, ಒಳಗಿನ ಪ್ಲಾಸ್ಟಿಕ್ ಗೇರಿನ ಹಲ್ಲು ಮುರಿಯುತ್ತದೆ.

ಕೆಲಸ ಮುಗಿದ ಮೇಲೆ ಕೋಡ್ ಅಳಿಸಿ ಗಾಡಿ ಕೊಟ್ಟರೆ ಸಾಕೇ?

ಸಾಲದು. ಕೋಡ್ ಅಳಿಸಿದರೆ ಇಸಿಎಂ ತನ್ನ ಪರೀಕ್ಷೆಗಳನ್ನೆಲ್ಲ ಮೊದಲಿಂದ ಶುರುಮಾಡುತ್ತದೆ. ಅವು ಮುಗಿಯುವವರೆಗೆ ಲೈಟ್ ಬಾರದಿರುವುದಕ್ಕೆ ಅರ್ಥವಿಲ್ಲ. ಸ್ಕ್ಯಾನರಿನಲ್ಲಿ ರೆಡಿನೆಸ್ ಎಂಬ ಪಟ್ಟಿ ತೆರೆಯಿರಿ. ತಣ್ಣಗಿನ ಎಂಜಿನ್ ಚಾಲೂ ಮಾಡಿ, ಎರಡು-ಮೂರು ನಿಮಿಷ ಸ್ಲೋದಲ್ಲಿಟ್ಟು, ಊರ ಹೊರಗೆ 60ರ ಒಂದೇ ವೇಗದಲ್ಲಿ ಹತ್ತು-ಹದಿನೈದು ನಿಮಿಷ ಓಡಿಸಿ, ನಡುವೆ ಒಮ್ಮೊಮ್ಮೆ ಎಕ್ಸಲೇಟರ್ ಪೂರ್ತಿ ಬಿಟ್ಟು ಗೇರಿನಲ್ಲೇ ವೇಗ ಇಳಿಸಿ. ಫ್ರೀಜ್ ಫ್ರೇಮಿನಲ್ಲಿ ಬರೆದಿಟ್ಟುಕೊಂಡ ವೇಗ, ಲೋಡ್ ಬರುವ ಹಾಗೆ ಒಮ್ಮೆಯಾದರೂ ಓಡಿಸಬೇಕು. ವಾಪಸ್ ಬಂದಾಗ ಆಕ್ಸಿಜನ್ ಸೆನ್ಸರ್ ಪರೀಕ್ಷೆ ಮುಗಿದಿದೆ, ಪೆಂಡಿಂಗ್ ಕೋಡ್ ಇಲ್ಲ, ಟ್ರಿಮ್ 5ರೊಳಗಿದೆ ಅಂತಾದರೆ ಚಾವಿ ಮಾಲೀಕರ ಕೈಗೆ ಕೊಡಿ.